ಬೀಸುಕಲ್ಲಿನ ಮುಂದೆ ಕಟ್ಟಿದ ಮನೆ: ಸಿಂದಗಿ ಸೀಮೆಯ ಹೆಣ್ಣುಮಕ್ಕಳ ಹಾಡು ಹಾಗೂ ಕೌದಿಗಳಲ್ಲಿ ಚೆಲುವಿನ ಕಲ್ಪನೆ

1

ಉತ್ತರ ಕರ್ನಾಟಕದ ಬೀಸುವ ಹಾಡುಗಳನ್ನು ಓದಿದವರಿಗೆಲ್ಲ ಒಂದು ಮನೆ ಪರಿಚಿತವಾಗಿರುತ್ತದೆ. ಅದರ ತೊಟ್ಟಿಲು ಬಂಗಾರದ್ದು, ಸಮೆ ಬೆಳ್ಳಿಯದು, ಚಪ್ಪರ ಮುತ್ತಿನದು. ಆ ಮನೆಯನ್ನು ಹಾಡಿನಲ್ಲಿ ಕಟ್ಟುತ್ತಿರುವ ಹೆಣ್ಣುಮಗಳು ಕುಳಿತಿರುವುದು ಮಾತ್ರ ಸಗಣಿಯಿಂದ ಸಾರಿಸಿದ ನೆಲದ ಮೇಲೆ, ಮಣ್ಣಿನ ಮಾಳಿಗೆಯ ಕೆಳಗೆ, ಒಂದು ಚಿಮಣಿ ದೀಪದ ಬೆಳಕಿನಲ್ಲಿ. ಹಾಡಿನ ಮನೆಗೂ ಇರುವ ಮನೆಗೂ ನಡುವಣ ಈ ಅಂತರವನ್ನು ನಮ್ಮ ಜಾನಪದ ಅಧ್ಯಯನವು ಸಾಮಾನ್ಯವಾಗಿ ಎರಡು ಬಗೆಯಲ್ಲಿ ವಿವರಿಸಿಕೊಂಡು ಬಂದಿದೆ. ಬಂಗಾರ, ಬೆಳ್ಳಿ, ಮುತ್ತುಗಳೆಲ್ಲ ಮೌಖಿಕ ಪರಂಪರೆಯ ಸಿದ್ಧ ನುಡಿಗಟ್ಟುಗಳು, ಅವುಗಳಿಗೆ ವಿಶೇಷ ಅರ್ಥ ಹುಡುಕಬೇಕಾಗಿಲ್ಲ ಎಂಬುದು ಒಂದು ವಿವರಣೆ. ಬಡತನದಲ್ಲಿ ಬದುಕುವವರು ಇಲ್ಲದ್ದನ್ನು ಹಾಡಿನಲ್ಲಿ ಪಡೆದುಕೊಳ್ಳುತ್ತಾರೆ ಎಂಬುದು ಇನ್ನೊಂದು. 

ಈ ಎರಡೂ ವಿವರಣೆಗಳು ತಪ್ಪೆಂದು ಹೇಳಲಾಗದು. ಆದರೆ ಒಂದು ಮುಖ್ಯ ಪ್ರಶ್ನೆಯನ್ನು ಇವು ಕೇಳುವುದೇ ಇಲ್ಲ. ಕಲ್ಪನೆಯು ಈ ಮನೆಯಲ್ಲಿ ಯಾವುದನ್ನು ಬದಲಿಸಿದೆ, ಯಾವುದನ್ನು ಬದಲಿಸದೆ ಬಿಟ್ಟಿದೆ? ಪ್ರಸ್ತುತ ಲೇಖನವು ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯನ್ನು ಕೇಂದ್ರವಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಎತ್ತುತ್ತದೆ. ಮನೆಯ ಒಳಾಂಗಣ, ಬಳಕೆಯ ವಸ್ತು, ಉಡುಗೆತೊಡುಗೆಗಳ ಬಗ್ಗೆ ಹೆಣ್ಣುಮಕ್ಕಳು ಕಂಡ ಕನಸನ್ನು ಹಾಡಿನಲ್ಲಿ ಮಾತ್ರ ಹುಡುಕಿದರೆ ಅದು ಅರ್ಧವಷ್ಟೇ ಸಿಗುತ್ತದೆ, ಉಳಿದರ್ಧ ಅವರು ಹೊಲಿದ ಬಟ್ಟೆಯಲ್ಲಿದೆ ಎಂಬುದು ಇಲ್ಲಿಯ ವಾದ.

2

ಮೊದಲಿಗೆ 'ಹಗಲುಗನಸು' ಎಂಬ ಪದದ ಬಗ್ಗೆ ಒಂದು ಮಾತು. ಕನ್ನಡದಲ್ಲಿ ಇದು ಹೊಗಳಿಕೆಯ ಪದವಲ್ಲ. ಕೆಲಸವಿಲ್ಲದವನು, ಕೈಲಾಗದವನು ಹಗಲುಗನಸು ಕಾಣುತ್ತಾನೆ ಎಂಬುದು ಲೋಕರೂಢಿ. ಪಾಶ್ಚಾತ್ಯ ಚಿಂತನೆಯಲ್ಲಿ ಈ ಪದಕ್ಕೆ ಬೇರೆ ಘನತೆ ದೊರೆತಿದೆ. ಸಿಗ್ಮಂಡ್ ಫ್ರಾಯ್ಡ್ 1908ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಲೇಖಕನ ಸೃಷ್ಟಿಕ್ರಿಯೆಯನ್ನು ಹಗಲುಗನಸಿನೊಂದಿಗೆ ಜೋಡಿಸಿ, ಎರಡರ ಹಿಂದೆಯೂ ತೀರದ ಬಯಕೆಯಿದೆ ಎಂದು ವಾದಿಸಿದ. ಫ್ರೆಂಚ್ ತತ್ತ್ವಜ್ಞಾನಿ ಗ್ಯಾಸ್ತೋಂ ಬಾಶ್ಲಾರ್ 1957ರ ತನ್ನ ಗ್ರಂಥದಲ್ಲಿ ಮನೆಯನ್ನೇ ಹಗಲುಗನಸಿನ ತಾಣವೆಂದು ಕಂಡ. ಅಟ್ಟ, ನೆಲಮಾಳಿಗೆ, ಮೂಲೆ, ಪೆಟ್ಟಿಗೆ, ಸೆಳೆಖಾನೆ ಇವೆಲ್ಲ ಅವನ ಪಾಲಿಗೆ ಮನಸ್ಸು ನಿರಾಳವಾಗಿ ಅಲೆದಾಡುವ ಎಡೆಗಳು. ಕನಸುವವನಿಗೆ ಮನೆ ಆಸರೆಯಾಗುತ್ತದೆ ಎಂಬುದು ಅವನ ಮುಖ್ಯ ನಿಲುವು.

ಈ ನಿಲುವನ್ನು ನಮ್ಮ ಬೀಸುವ ಹಾಡಿಗೆ ನೇರವಾಗಿ ಅನ್ವಯಿಸಿದರೆ ತೊಡಕು ಎದುರಾಗುತ್ತದೆ. ಬಾಶ್ಲಾರ್‌ನ ಕನಸುಗಾರನ ಕೈಗಳು ಬಿಡುವಾಗಿವೆ. ಬೀಸುವವಳ ಕೈಗಳು ಗೂಟ ಹಿಡಿದಿವೆ. ಹಿಟ್ಟಿನ ಗಿರಣಿಗಳು ಬರುವ ಮುನ್ನ ಈ ಸೀಮೆಯ ಹೆಣ್ಣುಮಕ್ಕಳು ಕೋಳಿ ಕೂಗುವ ಹೊತ್ತಿಗೆ ಎದ್ದು ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಬೀಸಬೇಕಾಗಿತ್ತು. ಇಬ್ಬರು ಎದುರುಬದುರು ಕುಳಿತು ಒಂದೇ ಗೂಟವನ್ನು ತಿರುವುತ್ತ, ಒಬ್ಬಳು ಎತ್ತಿಕೊಟ್ಟ ಸೊಲ್ಲನ್ನು ಇನ್ನೊಬ್ಬಳು ಪೂರೈಸುತ್ತ ಹಾಡುವುದು ರೂಢಿ. ತ್ರಿಪದಿಯ ನಡೆಯೂ ಕಲ್ಲಿನ ಸುತ್ತಿನ ನಡೆಯೂ ಒಂದಕ್ಕೊಂದು ಹೊಂದಿಕೊಂಡಿವೆ. ಹಗಲು ಇನ್ನೂ ಹರಿಯದ ಹೊತ್ತಿನಲ್ಲಿ, ಕೆಲಸದ ನಡುವೆ ಹುಟ್ಟುವ ಈ ಕನಸಿಗೆ ಹಗಲುಗನಸೆಂಬ ಹೆಸರು ಪೂರ್ತಿ ಒಪ್ಪುವುದಿಲ್ಲ. ಇಲ್ಲಿ ಮನೆಯು ಕನಸುವವಳಿಗೆ ಆಸರೆಯಾಗಿಲ್ಲ. ಮನೆ ನಿಂತಿರುವುದೇ ಅವಳ ದುಡಿಮೆಯ ಆಸರೆಯ ಮೇಲೆ. ಬೇರೆ ಹೆಸರು ಸಿಗದ ಕಾರಣ ಈ ಪದವನ್ನೇ ಬಳಸಿದರೂ, ಸೋಮಾರಿತನದ ಅರ್ಥವನ್ನು ಅದರಿಂದ ಕಳಚಿಟ್ಟು ಮುಂದುವರಿಯಬೇಕು.

3

ಈ ಸೀಮೆಯ ಹಳೆಯ ಮನೆಯ ರಚನೆಯನ್ನು ಇಲ್ಲಿ ಸಂಗ್ರಹವಾಗಿ ನೋಡಬಹುದು. ಮಳೆ ಕಡಿಮೆಯಿರುವ, ಎರೆಭೂಮಿಯ ನಾಡು ಇದು. ಇಳಿಜಾರಾದ ಹಂಚಿನ ಚಾವಣಿಗಿಂತ ಮೇಲುಮುದ್ದೆಯ ಮಣ್ಣಿನ ಮಾಳಿಗೆಯೇ ಇಲ್ಲಿ ಸಹಜ. ಕಲ್ಲು ಮಣ್ಣುಗಳ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಅವುಗಳ ಮೇಲೆ ಮಣ್ಣು. ತಲಬಾಗಿಲು ದಾಟಿದೊಡನೆ ದನ ಕಟ್ಟುವ ಜಾಗ ಮತ್ತು ಮೇವಿನ ಗೋದಲಿ, ಅದಕ್ಕಿಂತ ತುಸು ಎತ್ತರದಲ್ಲಿ ಪಡಸಾಲೆ, ಅದರಾಚೆ ಕತ್ತಲೆಯ ಅಡುಗೆಮನೆ, ಒಂದು ಬದಿಗೆ ದೇವರ ಜಗುಲಿ. ಬೆಳಕು ಬರುವುದು ಮಾಳಿಗೆಯ ಬೆಳಕಿಂಡಿಯಿಂದ. ಗೋಡೆಯೊಳಗೆ ಕೊರೆದ ಗೂಡುಗಳಲ್ಲಿ ದೀಪ, ಕುಂಕುಮದ ಭರಣಿ, ಕನ್ನಡಿ, ಹಣಿಗೆ. ಈ ರಚನೆಯಲ್ಲಿ ಪಡಸಾಲೆಯು ಬಂದುಹೋಗುವ ಗಂಡಸರಿಗೆ, ಮುಂಭಾಗವು ದನಗಳಿಗೆ, ಜಗುಲಿಯು ದೇವರಿಗೆ ಮೀಸಲು. ಹೆಣ್ಣುಮಗಳ ಪಾಲಿಗೆ ಒಲೆ, ಒರಳು, ಬೀಸುಕಲ್ಲುಗಳ ಸುತ್ತಲಿನ ಜಾಗವಿದೆ. ಅದು ಅವಳ ಕೆಲಸದ ಜಾಗ. ಅವಳದೇ ಎನ್ನಬಹುದಾದುದು ಗೂಡಿನ ಕನ್ನಡಿ ಮತ್ತು ತವರಿನಿಂದ ಬಂದ ಪೆಟ್ಟಿಗೆ ಮಾತ್ರ.

ಈಗ ಹಾಡಿನ ಮನೆಗೆ ಬರೋಣ. ಅಚ್ಚಾಗಿರುವ ಸಂಗ್ರಹಗಳಲ್ಲೂ ಕ್ಷೇತ್ರಕಾರ್ಯದಲ್ಲಿ ಕೇಳಿಬಂದ ಹಾಡುಗಳಲ್ಲೂ ಮನೆಯ ವರ್ಣನೆ ಹೆಚ್ಚಾಗಿ ಹೊರಗಿನಿಂದ ಒಳಕ್ಕೆ ಸಾಗುತ್ತದೆ. ಬಾಗಿಲು, ಕಂಬ, ಪಡಸಾಲೆ, ಜಗುಲಿ, ತೊಟ್ಟಿಲು ಎಂಬ ಕ್ರಮ ಬಹುಪಾಲು ಸ್ಥಿರವಾಗಿದೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಲ್ಪನೆಯು ಮಣ್ಣನ್ನು ಬಂಗಾರ ಮಾಡುತ್ತದೆ, ಕಟ್ಟಿಗೆಯನ್ನು ಬೆಳ್ಳಿ ಮಾಡುತ್ತದೆ. ಆದರೆ ಹೊಸ ಕೋಣೆಯೊಂದನ್ನು ಕಟ್ಟುವುದು ತೀರ ಅಪರೂಪ. ಬಂಗಾರದ ತೊಟ್ಟಿಲು ತೂಗುವ ಮನೆಯಲ್ಲೂ ಬೀಸುಕಲ್ಲು ಇದ್ದೇ ಇದೆ. ಹಾಡು ಕಲ್ಲನ್ನು ದೇವರಂತೆ ಹೊಗಳುತ್ತದೆ, ಅದಕ್ಕೆ ಕೈಮುಗಿಯುತ್ತದೆ, ಆದರೆ ಕಲ್ಲಿಲ್ಲದ ಮನೆಯನ್ನು ಕಾಣುವುದಿಲ್ಲ. ವಸ್ತು ಬದಲಾಗಿದ್ದರೂ ವಿನ್ಯಾಸ ಬದಲಾಗಿಲ್ಲ. ಸಿದ್ಧ ನುಡಿಗಟ್ಟೆಂದು ತಳ್ಳಿಹಾಕುವ ವಿವರಣೆಗೆ ಈ ಅಂಶ ಕಾಣಿಸುವುದಿಲ್ಲ, ಏಕೆಂದರೆ ಅದು ಬಂಗಾರವನ್ನಷ್ಟೇ ನೋಡುತ್ತದೆ.

ಈ ನಿಯಮಕ್ಕೆ ಹೊರತಾದ ಒಂದು ಹಾಡನ್ನು ಇಲ್ಲಿ ನೆನೆಯಬೇಕು. ಅದು ನಮ್ಮ ಸೀಮೆಯದಲ್ಲದಿದ್ದರೂ ನಾಡಿಗೆಲ್ಲ ಗೊತ್ತಿರುವ ಬಳೆಗಾರನ ಹಾಡು. ಗಂಡನ ಮನೆಯಲ್ಲಿರುವವಳು ತವರಿನ ದಾರಿಯನ್ನು ಬಳೆಗಾರನಿಗೆ ಹೇಳುತ್ತಾಳೆ. ಹಂಚು ಹೊದಿಸಿದ ಮನೆ, ಕಂಚಿನ ಕದ, ಮಾತನಾಡುವ ಜೋಡಿ ಗಿಳಿ, ತಿರುಗುವ ಗಾಣ ಇವೆಲ್ಲ ಆ ದಾರಿಯ ಗುರುತುಗಳು. ಹಂಚಿನ ಮನೆಯೇ ಆ ಹಾಡು ಮಳೆ ಹೆಚ್ಚಿರುವ ತೆಂಕಣ ಸೀಮೆಗೆ ಸೇರಿದ್ದೆಂದು ತಿಳಿಸುತ್ತದೆ. ವರ್ಣನೆಯ ಕೊನೆಯಲ್ಲಿ ಮುತ್ತಿನ ಚಪ್ಪರವಿದೆ, ಅದರ ನಟ್ಟನಡುವೆ ಹಡೆದ ತಾಯಿ ಪಗಡೆಯಾಡುತ್ತ ಕುಳಿತಿದ್ದಾಳೆ. ವಿಮರ್ಶೆಯ ಕಣ್ಣು ಸಾಮಾನ್ಯವಾಗಿ ಮುತ್ತಿನ ಚಪ್ಪರದ ಮೇಲೆ ನಿಲ್ಲುತ್ತದೆ. ಆದರೆ ಆ ಮನೆಯಲ್ಲಿ ನಂಬಲು ಕಷ್ಟವಾದ ಸಂಗತಿ ಚಪ್ಪರವಲ್ಲ. ಸಂಸಾರಸ್ಥ ಹೆಣ್ಣುಮಗಳೊಬ್ಬಳು ಹಗಲುಹೊತ್ತಿನಲ್ಲಿ, ಮನೆಯ ನಡುವೆ, ಎಲ್ಲರ ಕಣ್ಣೆದುರು ಆಟವಾಡುತ್ತ ಕುಳಿತಿರುವುದು ಅದಕ್ಕಿಂತ ದೊಡ್ಡ ಕಲ್ಪನೆ. ಮುತ್ತು, ಕಂಚುಗಳೆಲ್ಲ ಆ ಬಿಡುವಿಗೆ ಹಾಕಿದ ಚೌಕಟ್ಟು. ಇಲ್ಲಿ ವಸ್ತುವಿನ ಜೊತೆಗೆ ಮನೆಯೊಳಗಿನ ಹೆಣ್ಣಿನ ಸ್ಥಾನವೂ ಬದಲಾಗಿದೆ. ಆದರೂ ಆ ಸ್ಥಾನವನ್ನು ಹಾಡುವವಳು ತನಗಾಗಿ ಕೇಳಿಕೊಂಡಿಲ್ಲ, ತಾಯಿಗೆ ಕೊಟ್ಟಿದ್ದಾಳೆ ಎಂಬುದನ್ನು ಮರೆಯಬಾರದು.

4

ಕನಸಿನ ಮನೆಯನ್ನು ವಿನ್ಯಾಸ ಸಹಿತವಾಗಿ ಕಟ್ಟಬಲ್ಲವರು ಇದೇ ಜಿಲ್ಲೆಯಲ್ಲಿದ್ದರು. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಾಹಿಯು ಸಂಗೀತ, ಚಿತ್ರ, ಕಟ್ಟಡಗಳ ಮೋಹದಲ್ಲಿ ಮುಳುಗಿದ್ದ ಅರಸ. ದಖನಿ ಭಾಷೆಯಲ್ಲಿ ಅವನು ರಚಿಸಿದ 'ಕಿತಾಬ್-ಎ-ನೌರಸ್' ಹಾಡುಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ತನ್ನ ತಂಬೂರಿಗೆ ಅವನು 'ಮೋತಿಖಾನ್' ಎಂಬ ಹೆಸರಿಟ್ಟಿದ್ದ. ಅವನ ಕಾಲದ ಚಿತ್ರಗಳಲ್ಲಿ ಮುಸಲ್ಮಾನ ದೊರೆಯ ಕೊರಳಲ್ಲಿ ರುದ್ರಾಕ್ಷಿ ಮಾಲೆ ಕಾಣುತ್ತದೆ. ಜನ ಅವನನ್ನು ಜಗದ್ಗುರು ಎಂದು ಕರೆದರು. ರಾಜಧಾನಿಯ ಪಶ್ಚಿಮಕ್ಕೆ, ತೊರವಿಯ ಬಳಿ, 1599ರಲ್ಲಿ ಅವನು ನೌರಸಪುರವೆಂಬ ಹೊಸ ನಗರವನ್ನೇ ಕಟ್ಟಿಸತೊಡಗಿದ. ಒಂಬತ್ತು ರಸಗಳ ಹೆಸರು ಹೊತ್ತ ಈ ನಗರವು ಒಬ್ಬ ವ್ಯಕ್ತಿಯ ಹಗಲುಗನಸು ಕಲ್ಲುಗಾರೆಗಳಲ್ಲಿ ಮೂಡಿದ ರೂಪ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಅವಶೇಷ ಈಗಲೂ ಅಲ್ಲಿ ನಿಂತಿದೆ. ಅರಸನ ಉಡುಗೆತೊಡುಗೆಯ ವಿಲಕ್ಷಣತೆಯನ್ನು ಇತಿಹಾಸವು ರಸಿಕತೆಯೆಂದು ದಾಖಲಿಸಿದೆ.

ಇಬ್ರಾಹಿಮನ ಬಳಿಕ ಪಟ್ಟವೇರಿದ ಮಹಮ್ಮದ್ ಆದಿಲಶಾಹಿಯ ಕಾಲದ, 1646ರ ಸುಮಾರಿನ ಅಸಾರ ಮಹಲಿನ ಮೇಲಂತಸ್ತಿನಲ್ಲಿ ಬಣ್ಣದ ಭಿತ್ತಿಚಿತ್ರಗಳಿವೆ. ಪ್ರವಾದಿಯವರ ಪವಿತ್ರ ಅವಶೇಷವಿರುವ ಆ ಕಟ್ಟಡದ ಒಳಭಾಗಕ್ಕೆ ಹೆಣ್ಣುಮಕ್ಕಳು ಹೋಗದಿರುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಹೀಗಾಗಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳಿಗೆ ಅರಮನೆಯ ಒಳಾಂಗಣವೆಂಬುದು ನೋಡಿ ಬಲ್ಲ ಸಂಗತಿಯಲ್ಲ, ಕೇಳಿ ಕಟ್ಟಿಕೊಂಡ ಸಂಗತಿ. ಭಾಷೆಯಲ್ಲೂ ಇದರ ಗುರುತಿದೆ. ಮಹಲು, ಜಮಖಾನೆ, ಗಾದಿ, ಪರದೆ, ಖುರ್ಚಿ ಮುಂತಾಗಿ ಈ ಸೀಮೆಯ ಕನ್ನಡದಲ್ಲಿ ಒಳಾಂಗಣದ ವೈಭವವನ್ನು ಹೇಳುವ ಎಷ್ಟೋ ಪದಗಳು ಪಾರಸಿ, ಅರಬ್ಬಿ, ಹಿಂದುಸ್ತಾನಿಗಳ ಮೂಲಕ ಬಂದವು. ಹಾಡಿನ ಮನೆಯು ಮಾತ್ರ ಹೆಚ್ಚಾಗಿ ತೊಟ್ಟಿಲು, ಕಂಬ, ಬಾಗಿಲು, ಚಪ್ಪರಗಳೆಂಬ ಮನೆಮಾತಿನಲ್ಲೇ ನಿಂತಿದೆ. ಅರಮನೆಯಿಂದ ಹಾಡು ಎರವಲು ಪಡೆದದ್ದು ಹೊಳಪನ್ನು. ಪೀಠೋಪಕರಣಗಳನ್ನು ಅದು ಒಳಗೆ ಬಿಟ್ಟುಕೊಂಡಿಲ್ಲ.

ಈ ಸೀಮೆಯ ಇನ್ನೊಂದು ದೊಡ್ಡ ಪರಂಪರೆ ವೈಭವದ ಕಟ್ಟಡವನ್ನೇ ಪ್ರಶ್ನಿಸಿದ್ದನ್ನೂ ಇಲ್ಲಿ ಗಮನಿಸಬಹುದು. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಉಳ್ಳವರ ಶಿವಾಲಯಕ್ಕೆ ಎದುರಾಗಿ ದೇಹವನ್ನೇ ದೇಗುಲವಾಗಿ ಕಂಡ ವಚನ ಸರ್ವವಿದಿತವಾದುದು. ಸ್ಥಾವರವನ್ನು ನಿರಾಕರಿಸುವ ಆ ವಚನವೂ ತಲೆಯನ್ನು ಹೊನ್ನಿನ ಕಳಸವೆಂದು ಕರೆಯುತ್ತದೆ. ಕಟ್ಟಡ ಹೋದರೂ ಹೊನ್ನು ಉಳಿಯಿತು, ಅದು ಉಳ್ಳವರ ಕೈಯಿಂದ ಬಡವನ ಮೈಗೆ ಬಂತು. ಬೀಸುವವಳು ಮಣ್ಣಿನ ಮನೆಗೆ ಬಂಗಾರ ಹೊದಿಸುವುದೂ ಇದೇ ಬಗೆಯ ಕ್ರಿಯೆ. ಬೆಲೆಯುಳ್ಳದ್ದು ಉಳ್ಳವರಲ್ಲಿ ಮಾತ್ರ ಇರಬೇಕೆಂಬುದನ್ನು ಎರಡೂ ಒಪ್ಪುವುದಿಲ್ಲ.

5

ಹಾಡಿನ ಕನಸು ವಿನ್ಯಾಸವನ್ನು ಮುಟ್ಟದಿರುವುದಕ್ಕೆ ಕಾರಣವೇನು? ಹಾಡುವವರ ಕಲ್ಪನೆಯ ಮಿತಿ ಎಂದು ಹೇಳಿ ಮುಗಿಸುವುದು ಸುಲಭ. ಆದರೆ ನಮ್ಮ ಕೈಸೇರಿರುವ ಹಾಡುಗಳು ಯಾವ ದಾರಿಯಲ್ಲಿ ಬಂದವು ಎಂಬುದನ್ನೂ ನೋಡಬೇಕು.

ಅಂದಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಸೇರಿ ಹೆಣ್ಣುಮಕ್ಕಳ ಹಾಡುಗಳನ್ನು ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಹೊರತಂದರು. ಕನ್ನಡ ಜಾನಪದ ಸಂಗ್ರಹದ ಇತಿಹಾಸದಲ್ಲಿ ಈ ಕೃತಿಯ ಸ್ಥಾನ ದೊಡ್ಡದು. ಓದುಬರಹ ಬಾರದ ಹೆಣ್ಣುಮಕ್ಕಳ ಬಾಯಲ್ಲಿ ಉತ್ತಮ ಕಾವ್ಯವಿದೆ ಎಂದು ಪಂಡಿತ ಲೋಕಕ್ಕೆ ತೋರಿಸಿಕೊಟ್ಟ ಆ ಗೆಳೆಯರ ಋಣ ಈ ಸೀಮೆಯ ಸಂಶೋಧಕರೆಲ್ಲರ ಮೇಲಿದೆ. ಆ ಋಣವನ್ನು ನೆನೆದುಕೊಂಡೇ ಒಂದು ಮಾತು ಹೇಳಬೇಕಾಗಿದೆ. 'ಗರತಿ' ಎಂಬ ಪದವು ಹಾಡುವವಳಿಗೆ ಒಂದು ಪಾತ್ರವನ್ನು ಕೊಟ್ಟಿತು. ಗರತಿಯೆಂದರೆ ಮನೆತನದ ಹೆಣ್ಣುಮಗಳು, ಮಾನವಂತೆ, ಸೈರಣೆಯುಳ್ಳವಳು. ಆ ಹೆಸರು ಮುಂದಿನ ತಲೆಮಾರುಗಳ ಓದನ್ನೂ ಸಂಗ್ರಹವನ್ನೂ ನಿರ್ದೇಶಿಸಿತು. ಗರತಿಗೆ ಒಪ್ಪುವ ಬಯಕೆಗಳನ್ನು ನಾವು ಹುಡುಕಿದೆವು, ಒಪ್ಪದ ಬಯಕೆಗಳನ್ನು ಕೇಳಲೇ ಇಲ್ಲ. ಈ ತಪ್ಪಿನಲ್ಲಿ ಪ್ರಸ್ತುತ ಲೇಖಕನ ಪಾಲೂ ಇದೆ. ಕ್ಷೇತ್ರಕಾರ್ಯದ ಮೊದಲ ವರ್ಷಗಳಲ್ಲಿ ತವರಿನ ಹಾಡು, ತೊಟ್ಟಿಲ ಹಾಡು, ಅಣ್ಣತಮ್ಮಂದಿರ ಹಾಡು ಎಂದು ಕೇಳಿ ಬರೆದುಕೊಂಡದ್ದುಂಟು. ನಿಮಗೆ ಎಂಥ ಮನೆ ಬೇಕಾಗಿತ್ತು, ಎಂಥ ಸೀರೆ ಉಡಬೇಕೆನಿಸಿತ್ತು ಎಂದು ಒಬ್ಬರನ್ನೂ ಕೇಳಿದ್ದಿಲ್ಲ.

ಈ ಸೀಮೆಯ ಆಡುಮಾತಿನಲ್ಲಿ 'ಶೋಕಿ' ಎಂಬ ಪದವೊಂದಿದೆ, ಅದರ ಜೊತೆಗೆ 'ನಖರಾ' ಕೂಡ. ಎರಡೂ ಹೊರಗಿನಿಂದ ಬಂದ ಪದಗಳು. ಮೂಲದಲ್ಲಿ ಮೋಹ, ಒಲವು ಎಂಬ ಅರ್ಥವಿದ್ದ ಮೊದಲ ಪದವು ಇಲ್ಲಿ ಅತಿಯಾದ ಅಲಂಕಾರದ ಮೇಲಿನ ಆಕ್ಷೇಪವಾಗಿದೆ. ಯಾವುದನ್ನು ಶೋಕಿ ಎನ್ನುತ್ತಾರೆ ಎಂಬುದನ್ನು ಗಮನಿಸಿದರೆ ಕುತೂಹಲಕರ ಸಂಗತಿ ಹೊರಬೀಳುತ್ತದೆ. ಮಗುವಿನ ತೊಟ್ಟಿಲಿಗೆ ಬಂಗಾರ ಬಯಸಿದರೆ ಅದು ಶೋಕಿಯಲ್ಲ, ದೇವರ ಜಗುಲಿಗೆ ಬೆಳ್ಳಿ ಬಯಸಿದರೂ ಅಲ್ಲ. ಹೆಣ್ಣುಮಗಳು ತನಗಾಗಿ, ತನ್ನ ಮೈಗಾಗಿ, ಯಾರೂ ಕೊಡದಿದ್ದರೂ ತಾನೇ ಬಯಸಿದಾಗ ಮಾತ್ರ ಈ ಮಾತು ಬರುತ್ತದೆ. ಹಾಡುಗಳಲ್ಲಿ ಸೀರೆ, ಬಳೆ, ಒಡವೆಗಳು ಬಹುಮಟ್ಟಿಗೆ ಉಡುಗೊರೆಯ ರೂಪದಲ್ಲೇ ಬರುವುದಕ್ಕೆ ಇದೇ ಕಾರಣವಿರಬೇಕು. ಸೀರೆ ತರುವವನು ಅಣ್ಣ, ಬಳೆ ಇಡಿಸುವವಳು ತಾಯಿ. ಬಯಕೆ ಹಾಡುವವಳದೇ ಆದರೂ ಅದು ಮತ್ತೊಬ್ಬರ ಪ್ರೀತಿಯ ಹೆಸರಿನಲ್ಲಿ ಬಂದಾಗ ಆಕ್ಷೇಪಕ್ಕೆ ಎಡೆಯಿರುವುದಿಲ್ಲ. ತವರಿನ ಹಾಡುಗಳನ್ನು ಕೇವಲ ವಾತ್ಸಲ್ಯದ ಹಾಡುಗಳೆಂದು ಓದುವ ಪದ್ಧತಿಯನ್ನು ಈ ದೃಷ್ಟಿಯಿಂದ ಮರುಪರಿಶೀಲಿಸಬೇಕಾಗಿದೆ.

ಗರತಿಯ ಚೌಕಟ್ಟಿನಿಂದ ಹೊರಗಿದ್ದ ಒಂದು ಉಡುಗೆಯ ಪರಂಪರೆ ಈ ತಾಲೂಕುಗಳಲ್ಲೇ ಇದೆ. ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ, ಕಾಂಚಳಿ, ಟುಕ್ರಿಗಳು ಕನ್ನಡಿಬಿಲ್ಲೆ, ಕವಡೆ, ನಾಣ್ಯ, ಬಣ್ಣದ ದಾರಗಳಿಂದ ತುಂಬಿರುತ್ತವೆ. ಊರಿನ ಕಣ್ಣಿಗೆ ಅದು ವಿಚಿತ್ರ ವೇಷ. ಅವರ ಪಾಲಿಗೆ ಅದು ಕುಲದ ಗುರುತು, ಕೈಚಳಕದ ಪ್ರಮಾಣ, ಮೈಮೇಲೆ ಹೊತ್ತ ಆಸ್ತಿ. ಊರೂರು ಅಲೆಯುತ್ತಿದ್ದ ಸಮುದಾಯವು ಗೋಡೆಗೆ ಮಾಡಬಹುದಾದ ಅಲಂಕಾರವನ್ನು ಬಟ್ಟೆಗೆ ಮಾಡಿತು ಎಂದು ಇದನ್ನು ಓದಬಹುದು. ಮನೆಯ ಅಂದ ಮತ್ತು ಮೈಯ ಅಂದ ಎಂದು ನಾವು ಹಾಕಿಕೊಂಡಿರುವ ವಿಂಗಡಣೆ ಇಲ್ಲಿ ನಿಲ್ಲುವುದಿಲ್ಲ. ಹೊಲ ಮನೆಗಳಿಂದ ದೂರವಿಟ್ಟವರ ವಿಲಕ್ಷಣತೆಯನ್ನು ವೇಷವೆಂದು, ಅರಸನ ವಿಲಕ್ಷಣತೆಯನ್ನು ರಸಿಕತೆಯೆಂದು ಕರೆಯುವಲ್ಲಿ ಅಧಿಕಾರದ ಸಂಬಂಧವಿದೆಯೇ ಹೊರತು ಚೆಲುವಿನ ಅಳತೆಗೋಲಿಲ್ಲ.

6

ಊರಿನ ಹೆಣ್ಣುಮಕ್ಕಳಿಗೂ ವಿನ್ಯಾಸವನ್ನು ತಮ್ಮ ಕೈಗೆ ತೆಗೆದುಕೊಳ್ಳುವ ಒಂದು ಎಡೆಯಿತ್ತು. ಅದು ಬಟ್ಟೆ. ಈ ಸೀಮೆಯ ನಿತ್ಯದ ಉಡುಗೆಯಾದ ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿ ಸಿದ್ಧಪಡಿಸಿ ಕೊಂಡಿ ಹಾಕಿ ಜೋಡಿಸುತ್ತಾರೆ. ಸೆರಗಿನ ಕೆಂಪಿನ ಮೇಲೆ ಬಿಳಿಯ ತೋಪುತೆನೆ, ಅಂಚಿನಲ್ಲಿ ಗೋಮಿ, ಗಾಡಿ ಮುಂತಾದ ಬಗೆಗಳು. 1997ರಲ್ಲಿ ಬಾಗಲಕೋಟೆ ಜಿಲ್ಲೆ ಬೇರೆಯಾಗುವವರೆಗೆ ಇಳಕಲ್ಲು, ಗುಳೇದಗುಡ್ಡಗಳು ಬಿಜಾಪುರ ಜಿಲ್ಲೆಯಲ್ಲೇ ಇದ್ದವು. ಸೀರೆಯ ದಡಿ, ಸೆರಗು, ಬಣ್ಣಗಳ ಹೆಸರುಗಳನ್ನು ತಪ್ಪಿಲ್ಲದೆ ಹೇಳಬಲ್ಲ ಹೆಣ್ಣುಮಕ್ಕಳು ಈಗಲೂ ಪ್ರತಿ ಊರಿನಲ್ಲಿ ಸಿಗುತ್ತಾರೆ. ಅದನ್ನು ಉಡುಗೆಯ ಆಸೆ ಎಂದಷ್ಟೇ ಕರೆಯದೆ ಒಂದು ಜ್ಞಾನಶಾಖೆಯೆಂದು ಗುರುತಿಸುವುದು ಸೂಕ್ತ. ಅಂಥ ಸೀರೆಯ ಮೇಲೆ ಹಾಕುವ ಕಸೂತಿಯಲ್ಲಿ ಗೋಪುರ, ತೇರು, ತುಳಸಿಕಟ್ಟೆ, ತೊಟ್ಟಿಲು, ಅಂಬಾರಿಯ ಆನೆ, ಗಿಳಿ, ನವಿಲುಗಳಿವೆ. ಹಾಡಿನಲ್ಲಿ ಬಂಗಾರವಾಗಿದ್ದ ತೊಟ್ಟಿಲು ಇಲ್ಲಿ ದಾರವಾಗಿದೆ. ಕಟ್ಟಡವನ್ನೇ ಮೈಮೇಲೆ ಹೊದೆಯುವ ಈ ಕಲೆಯಲ್ಲಿ ಬಟ್ಟೆಯ ಎಳೆ ಎಣಿಸಿ ಹೊಲಿಗೆ ಹಾಕುವವಳೇ ಯಾವುದು ಎಲ್ಲಿರಬೇಕೆಂದು ತೀರ್ಮಾನಿಸುತ್ತಾಳೆ.

ಆದರೆ ವಾದಕ್ಕೆ ಹೆಚ್ಚು ಮುಖ್ಯವಾದುದು ಕೌದಿ. ಹರಿದ ಸೀರೆ, ಧೋತರ, ಅಂಗಿ, ಕುಪ್ಪಸದ ಖಣ ಇವುಗಳ ತುಂಡುಗಳನ್ನು ಹೊಂದಿಸಿ, ಪದರ ಪದರವಾಗಿ ಹಾಸಿ, ಸಾಲುಹೊಲಿಗೆ ಹಾಕಿ ಮಾಡುವ ಹೊದಿಕೆ ಇದು. ಹಾಸಲು, ಹೊದೆಯಲು, ಬಾಣಂತಿಗೆ, ಕೂಸಿಗೆ, ಬಂದವರಿಗೆ ಹೀಗೆ ಎಲ್ಲಕ್ಕೂ ಕೌದಿ ಬೇಕು. ಬಡವರ ಮನೆಯ ವಸ್ತುವೆಂದು ಅದನ್ನು ಯಾರೂ ಶೋಕಿ ಎನ್ನುವುದಿಲ್ಲ. ಈ ಉಪಯುಕ್ತತೆಯ ಮರೆಯಲ್ಲಿ ಹೊಲಿಯುವವಳಿಗೆ ದೊಡ್ಡ ಸ್ವಾತಂತ್ರ್ಯ ದೊರೆಯುತ್ತದೆ. ನಡುವೆ ಯಾವ ಬಣ್ಣ, ಮೂಲೆಗಳಿಗೆ ಯಾವ ತುಂಡು, ಚೌಕವೋ ತ್ರಿಕೋನವೋ, ಅಂಚಿಗೆ ಕೆಂಪೋ ಹಸಿರೋ ಎಂಬುದೆಲ್ಲ ಅವಳ ಆಯ್ಕೆ. ಸಿಕ್ಕ ತುಂಡುಗಳಿಗೆ ತಕ್ಕಂತೆ ಪ್ರತಿ ಸಲವೂ ಹೊಸದಾಗಿ ಯೋಚಿಸಬೇಕಾದ್ದರಿಂದ ಒಂದು ಕೌದಿ ಇನ್ನೊಂದರ ಹಾಗಿರುವುದಿಲ್ಲ.

ಈಗ ಹಾಡು ಮತ್ತು ಕೌದಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಹಾಡಿನಲ್ಲಿ ವಸ್ತು ಹೊಸದು, ವಿನ್ಯಾಸ ಹಳೆಯದು. ಕೌದಿಯಲ್ಲಿ ವಸ್ತು ಹಳೆಯದು, ವಿನ್ಯಾಸ ಹೊಸದು. ಹಾಡುವಾಗ ಬಾಯಿಗೆ ಬಂಗಾರ ಬೆಳ್ಳಿಗಳ ಕೊರತೆಯಿಲ್ಲ, ಆದರೆ ಮನೆಯ ನಕ್ಷೆಯನ್ನು ತಿದ್ದುವ ಅಧಿಕಾರವಿಲ್ಲ. ಹೊಲಿಯುವಾಗ ಕೈಗೆ ಹರಕು ಬಟ್ಟೆಯ ಹೊರತು ಬೇರೇನೂ ಇಲ್ಲ, ಆದರೆ ಮೂರು ಮೊಳದ ಅಗಲದಲ್ಲಿ ಯಾವುದು ಎಲ್ಲಿರಬೇಕೆಂದು ಹೇಳುವವರು ಬೇರೆ ಯಾರೂ ಇಲ್ಲ. ಒಂದೇ ಹೆಣ್ಣುಮಗಳು ಬೆಳಗಿನ ಜಾವ ಹಾಡಿದಳು, ಬೇಸಿಗೆಯ ಮಧ್ಯಾಹ್ನ ಹೊಲಿದಳು. ಇವೆರಡೂ ಒಂದೇ ಕನಸಿನ ಎರಡು ಭಾಗಗಳು. ಆದರೆ ನಮ್ಮ ಅಧ್ಯಯನ ಕ್ರಮದಲ್ಲಿ ಹಾಡು ಜನಪದ ಸಾಹಿತ್ಯಕ್ಕೂ ಕೌದಿ ಜನಪದ ಕರಕುಶಲಕ್ಕೂ ಸೇರಿಹೋದವು. ಒಂದು ಗ್ರಂಥಾಲಯಕ್ಕೆ ಹೋಯಿತು, ಇನ್ನೊಂದು ವಸ್ತುಸಂಗ್ರಹಾಲಯಕ್ಕೆ. ಹಾಡನ್ನು ಮಾತ್ರ ಓದಿದವರು ಹೆಣ್ಣುಮಕ್ಕಳು ಇರುವ ವ್ಯವಸ್ಥೆಯನ್ನು ಒಪ್ಪಿ ಅದಕ್ಕೆ ಬಂಗಾರದ ನೀರು ಬಳಿದರು ಎಂದು ತೀರ್ಮಾನಿಸಿದರೆ ಅದು ಈ ವಿಂಗಡಣೆಯ ಫಲ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಕೌದಿಯ ವಿನ್ಯಾಸವನ್ನು ಮನೆಯ ವಿನ್ಯಾಸಕ್ಕೆ ಹೋಲಿಸುವುದು ಸಣ್ಣದನ್ನು ದೊಡ್ಡದು ಮಾಡಿದಂತಲ್ಲವೇ? ಕೌದಿಯಲ್ಲಿ ಬಣ್ಣ ಆರಿಸಿಕೊಂಡ ಮಾತ್ರಕ್ಕೆ ಬೀಸುವುದು ತಪ್ಪಲಿಲ್ಲವಲ್ಲ? ಈ ಆಕ್ಷೇಪ ಸರಿಯಾದುದೇ. ಬೀಸುವುದನ್ನು ತಪ್ಪಿಸಿದ್ದು ಗಿರಣಿಯೇ ಹೊರತು ಹಾಡೂ ಅಲ್ಲ, ಕೌದಿಯೂ ಅಲ್ಲ. ಚೆಲುವಿನ ಕಲ್ಪನೆಯನ್ನು ಬಿಡುಗಡೆಯೆಂದು ಕೊಂಡಾಡುವುದು ಈ ಲೇಖನದ ಉದ್ದೇಶವಲ್ಲ. ಹೆಣ್ಣುಮಕ್ಕಳಿಗೆ ಏನು ಬೇಕಾಗಿತ್ತು ಎಂಬುದಕ್ಕೆ ಅವರೇ ಬಿಟ್ಟುಹೋದ ದಾಖಲೆಗಳನ್ನು ಪೂರ್ತಿಯಾಗಿ ಓದಬೇಕು ಎಂಬುದಷ್ಟೇ ಉದ್ದೇಶ.

7

ಈ ಓದಿಗೆ ಈಗ ಅವಸರವೂ ಇದೆ. ಬಸವನ ಬಾಗೇವಾಡಿ ತಾಲೂಕಿನಲ್ಲಿದ್ದ ಆಲಮಟ್ಟಿಯಲ್ಲಿ ಕೃಷ್ಣಾ ನದಿಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಅದನ್ನು ನಾಡಿಗೆ ಅರ್ಪಿಸಿದರು. ಈ ನಡುವೆ ನದಿದಂಡೆಯ ಅನೇಕ ಊರುಗಳು ಹಿನ್ನೀರಿನಲ್ಲಿ ಮುಳುಗಿದವು, ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಮುಳುಗುವ ಮನೆಗೆ ಪರಿಹಾರ ಕೊಡುವಾಗ ಗೋಡೆಯನ್ನು ಅಳೆಯಬಹುದು, ತೊಲೆ ಜಂತಿಗಳಿಗೆ ಬೆಲೆ ಕಟ್ಟಬಹುದು. ಹೆಣ್ಣುಮಗಳ ಕನ್ನಡಿಯಿದ್ದ ಗೂಡಿಗೆ ಬೆಲೆ ಕಟ್ಟುವ ಕ್ರಮ ಯಾವ ಇಲಾಖೆಯಲ್ಲೂ ಇಲ್ಲ. ಹಿನ್ನೀರು ಮುಟ್ಟದ ಊರುಗಳಲ್ಲೂ ಮಣ್ಣಿನ ಮಾಳಿಗೆಗಳು ಇಳಿದು ಕಾಂಕ್ರೀಟಿನ ಚಾವಣಿಗಳು ಏರುತ್ತಿವೆ. ಗಿರಣಿ ಬಂದ ಮೇಲೆ ಬೀಸುಕಲ್ಲು ಅಂಗಳದ ಮೂಲೆ ಸೇರಿತು, ಮದುವೆಯ ಶಾಸ್ತ್ರಕ್ಕೆ ಮಾತ್ರ ಹೊರಬರುವ ಮನೆಗಳೂ ಇವೆ.

ಹಾಗೆಂದು ಕನಸು ನಿಂತಿಲ್ಲ. ಹೊಸ ಮನೆಯ ಪಡಸಾಲೆಯ ಗೋಡೆಯಲ್ಲಿ ಈಗ ಗಾಜಿನ ಬಾಗಿಲಿನ ಶೋಕೇಸ್ ಇದೆ. ಅದರಲ್ಲಿ ಸ್ಟೀಲಿನ ಪಾತ್ರೆ, ಪ್ಲಾಸ್ಟಿಕ್ ಹೂವು, ಗೊಂಬೆ, ಮಕ್ಕಳ ಬಹುಮಾನಗಳು, ಜಾತ್ರೆಯಲ್ಲಿ ಕೊಂಡ ತಾಜಮಹಲು. ಜಾನಪದ ಸಂಶೋಧಕರು ಇಂಥ ಮನೆಗೆ ಹೋದಾಗ ಅದರ ಕಡೆ ಬೆನ್ನು ಹಾಕಿ ಕುಳಿತು ಅಜ್ಜಿಯ ಹಾಡನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ಅಗ್ಗದ ವಸ್ತುವೆಂಬ ತಾತ್ಸಾರ ಅದಕ್ಕೆ ಕಾರಣ. ಆದರೆ ಕತ್ತಲೆಯ ಅಡುಗೆಮನೆಯ ಗೂಡಿನಲ್ಲಿದ್ದ ಕನ್ನಡಿಯೇ ಪಡಸಾಲೆಗೆ ಬಂದು ಶೋಕೇಸ್ ಆಗಿದೆ ಎಂದು ನೋಡಿದರೆ ಚಿತ್ರ ಬೇರೆಯಾಗುತ್ತದೆ. ಗಂಡಸರಿಗೆ ಮೀಸಲಾಗಿದ್ದ ಭಾಗದಲ್ಲಿ ಯಾವ ವಸ್ತು ಎಲ್ಲಿ ನಿಲ್ಲಬೇಕೆಂದು ಅನೇಕ ಮನೆಗಳಲ್ಲಿ ಈಗ ಹೆಣ್ಣುಮಗಳು ತೀರ್ಮಾನಿಸುತ್ತಾಳೆ. ಹಾಡಿನಲ್ಲಿ ಸಾಧ್ಯವಾಗದ್ದು, ಕೌದಿಯಲ್ಲಿ ಅರ್ಧ ಸಾಧ್ಯವಾದದ್ದು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಬಂದಿದೆ. ಅದು ಚೆಲುವಾಗಿದೆಯೇ ಇಲ್ಲವೇ ಎಂಬುದು ಎರಡನೆಯ ಪ್ರಶ್ನೆ.

ಒಟ್ಟಾರೆಯಾಗಿ, ಮುಂದಿನ ಕ್ಷೇತ್ರಕಾರ್ಯಕ್ಕೆ ಈ ಕೆಲವು ಅಂಶಗಳನ್ನು ಸೂಚಿಸಬಹುದು. ಹಾಡನ್ನು ಬರೆದುಕೊಳ್ಳುವಾಗ ಅದನ್ನು ಹಾಡಿದ ಮನೆಯ ನಕ್ಷೆಯನ್ನೂ ಬರೆದುಕೊಳ್ಳಬೇಕು. ಹಾಡುವವಳು ಹೊಲಿದ ಕೌದಿ ಇದ್ದರೆ ಅದರ ಛಾಯಾಚಿತ್ರ, ತುಂಡುಗಳ ವಿವರ, ಯಾವ ತುಂಡು ಯಾರ ಬಟ್ಟೆಯದೆಂಬ ನೆನಪುಗಳನ್ನು ಹಾಡಿನೊಂದಿಗೇ ಇಡಬೇಕು. ಈಗಾಗಲೇ ಅಚ್ಚಾಗಿರುವ ಸಂಗ್ರಹಗಳಲ್ಲಿ ಬರುವ ಮನೆ, ವಸ್ತು, ಉಡುಗೆಗಳ ಪದಗಳನ್ನು ತಾಲೂಕುವಾರು ಪಟ್ಟಿ ಮಾಡಿ, ಆಯಾ ಸೀಮೆಯ ನಿಜವಾದ ಮನೆಗಳೊಂದಿಗೆ ಹೋಲಿಸಬೇಕು. ತಾಂಡಾ, ಕೇರಿ, ಊರುಗಳ ಸಾಮಗ್ರಿಯನ್ನು ಬೇರೆ ಬೇರೆ ಸಂಪುಟಗಳಲ್ಲಿ ಹಂಚಿಡದೆ ಎದುರುಬದುರಾಗಿ ಓದಬೇಕು. ಎಲ್ಲಕ್ಕಿಂತ ಮೊದಲು, ಎಪ್ಪತ್ತು ಎಂಬತ್ತು ವರ್ಷ ದಾಟಿದ ಹೆಣ್ಣುಮಕ್ಕಳನ್ನು ಕಂಡು, ನೀವು ಕಟ್ಟಬೇಕೆಂದಿದ್ದ ಮನೆ ಹೇಗಿತ್ತು ಎಂದು ಕೇಳಬೇಕು. ಬೀಸುಕಲ್ಲನ್ನು ಕಂಡು ಹಾಡಿದ ಕೊನೆಯ ತಲೆಮಾರು ಅದು. ಆ ಪ್ರಶ್ನೆಗೆ ಅವರು ಹಾಡಿನಲ್ಲಿ ಉತ್ತರಿಸದಿರಬಹುದು. ಎದ್ದು ಹೋಗಿ ಪೆಟ್ಟಿಗೆಯಿಂದ ಒಂದು ಕೌದಿಯನ್ನು ತಂದು ನಮ್ಮ ಮುಂದೆ ಬಿಚ್ಚಿದರೆ ಅದನ್ನೂ ಉತ್ತರವೆಂದೇ ಬರೆದುಕೊಳ್ಳಬೇಕು.